26 ಕೊಕ್ಕೆ, ಒಂದು ಒದ್ದೆ ಬಟ್ಟೆ

ಎಲ್‌ಕೆಜಿಗೆ ಹಾಕಿದಾಗ ನನಗೆ ಸಿಟ್ಟು ಬಂದಿತ್ತು. ಒಂಬತ್ತು ವರ್ಷ ಐದು, ಆರನೇ ಕ್ಲಾಸಿಗೆ ಗಣಿತ ಮಾಡಿದವಳು ನಾನು. ಹೋದ ವರ್ಷ ಮೇ ಕೊನೆಯಲ್ಲಿ ಹೆಡ್ ಮಿಸ್ ಕರೆದು, ಎಲ್‌ಕೆಜಿ ಮಿಸ್ ಮದುವೆಯಾಗಿ ಹೋದರು, ಬೇರೆ ಯಾರೂ ಸಿಗುತ್ತಿಲ್ಲ, ಒಂದು ವರ್ಷ ನೀವೇ ನೋಡಿಕೊಳ್ಳಿ ಅಂದರು. ನಮ್ಮಲ್ಲಿ ಒಂದು ವರ್ಷ ಅಂದರೆ ಎಷ್ಟು ವರ್ಷ ಅಂತ ಗೊತ್ತಿದ್ದೂ ಹೂಂ ಅಂದೆ. ಮನೆಗೆ ಬಂದು ಬ್ಯಾಗ್ ಕುಕ್ಕಿದೆ. ಅಂಗಳದಲ್ಲಿ ಅಡಿಕೆ ಆರಿಸುತ್ತ ಕೂತಿದ್ದ ಅತ್ತೆ ತಲೆ ಎತ್ತಿ, "ಯಾಕೆ, ಸಣ್ಣ ಮಕ್ಕಳು ಅಂದ್ರೆ ಸಣ್ಣ ಕೆಲಸ ಅಂದ್ಕೊಂಡ್ಯಾ?" ಅಂದರು.

ಅತ್ತೆ ಸರ್ಕಾರಿ ಶಾಲೆಯಲ್ಲಿ ನಲಿಕಲಿ ಟೀಚರ್ ಆಗಿದ್ದು ರಿಟೈರ್ ಆದವರು. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹರಡಿತಲ್ಲ, ಮಕ್ಕಳು ಸಾಲು ಬೆಂಚು ಬಿಟ್ಟು ಗುಂಪಾಗಿ ನೆಲದ ಮೇಲೆ ಕೂತು ಕಾರ್ಡ್ ಹಿಡಿದು ಕಲಿಯುವ ಪದ್ಧತಿ, ಅದು. ನಾನು ಖಾಸಗಿ ಶಾಲೆಯವಳು, ಅತ್ತೆಯ ಶಾಲೆಯ ಬಗ್ಗೆ ಒಳಗೊಳಗೇ ಸ್ವಲ್ಪ ತಾತ್ಸಾರ ಇತ್ತು ಅಂತ ಈಗ ಒಪ್ಪಿಕೊಳ್ಳುತ್ತೇನೆ. ಆ ವರ್ಷ ಪೂರ್ತಿ ನನ್ನನ್ನು ಉಳಿಸಿದ್ದು ಅವರೇ.

ಸಾಗರ ತಾಲ್ಲೂಕಿನ ಒಂದು ಸಣ್ಣ ಊರು ನಮ್ಮದು. ಒಂದು ಕಡೆ ತೋಟ, ಇನ್ನೊಂದು ಕಡೆ ಬಸ್ ಸ್ಟ್ಯಾಂಡ್, ನಡುವೆ ಹೆಂಚಿನ ಶಾಲೆ. ಕ್ಲಾಸಲ್ಲಿ 26 ಮಕ್ಕಳು, ಎಲ್ಲರಿಗೂ ನಾಲ್ಕರ ಆಸುಪಾಸು. ತೋಟದ ಮನೆಯವರು, ಅಂಗಡಿಯವರು, ಮೀನು ಮಾರುವವರು, ಅಡಿಕೆ ಸುಲಿಯಲು ಹೋಗುವವರು, ಒಬ್ಬರು ಬ್ಯಾಂಕಿನವರು. ಮೊದಲ ದಿನ 11 ಮಕ್ಕಳು ಅತ್ತರು. ಎರಡನೇ ದಿನ 17. ಮೊದಲ ದಿನ ಅಳದವರಿಗೆ, ಇದು ದಿನಾ ಇರುವ ಸಂಗತಿ ಅಂತ ಎರಡನೇ ದಿನ ಗೊತ್ತಾಯಿತು.

ಅದರ ಮೇಲೆ ಮಳೆ. ಮಲೆನಾಡಿನ ಜೂನ್ ಅಂದರೆ ಹೇಳಬೇಕಾ? 26 ರೇನ್‌ಕೋಟು, 26 ಬ್ಯಾಗು, ಕೆಲವರಿಗೆ ರೇನ್‌ಕೋಟಿನ ಜೊತೆ ಕೊಡೆಯೂ. ಎಲ್ಲದರ ಮೇಲೂ ಅದೇ ನಾಲ್ಕೈದು ಕಾರ್ಟೂನು. ಸಂಜೆ ಯಾರದ್ದು ಯಾರಿಗೆ ಹಾಕಿ ಕಳಿಸಿದೆನೋ ದೇವರಿಗೇ ಗೊತ್ತು. ಕೊಕ್ಕೆ ಹೊಡೆಸಿ, ಪ್ರತಿ ಕೊಕ್ಕೆಯ ಮೇಲೆ ಹೆಸರು ಬರೆದು ಅಂಟಿಸಿದೆ. ಅತ್ತೆಗೆ ಫೋಟೋ ತೋರಿಸಿದೆ, ಚೆಂದ ಬರೆದಿದ್ದೆ ಬೇರೆ. ಅವರು ನೋಡಿ, "ಇದನ್ನ ಓದೋದು ಯಾರು, ನೀನಾ?" ಅಂದರು.

ನಲಿಕಲಿಯಲ್ಲಿ ಕಾರ್ಡುಗಳ ಮೇಲೆ ಲೋಗೋ ಇರುತ್ತದೆ. ಪ್ರಾಣಿ, ಪಕ್ಷಿ, ವಾಹನ. ಓದಲು ಬಾರದ ಮಗುವೂ ಚಿತ್ರ ನೋಡಿ ತನ್ನ ಕಾರ್ಡ್ ತಾನೇ ಎತ್ತಿಕೊಂಡು ಬರುತ್ತದೆ. ಅದನ್ನೇ ಕದ್ದೆ. ಹಳೇ ಕ್ಯಾಲೆಂಡರು, ಬೀಜದ ಪ್ಯಾಕೆಟ್ಟು ಎಲ್ಲ ಕತ್ತರಿಸಿ ಚಿತ್ರ ಮಾಡಿ ನೆಲದ ಮೇಲೆ ಹರಡಿ, ನಿಮಗೆ ಬೇಕಾದ್ದು ಆರಿಸಿಕೊಳ್ಳಿ ಅಂದೆ. ಬಸ್ಸಿಗೆ ಏಳು ಜನ ಬಿದ್ದರು. ಚೀಟಿ ಎತ್ತಬೇಕಾಗುತ್ತದೇನೋ ಅಂದುಕೊಳ್ಳುವಷ್ಟರಲ್ಲಿ ಒಂದು ಹುಡುಗಿ, "ಅವನಪ್ಪ ಬಸ್ಸಲ್ಲೇ ಇರೋದು, ಅವನಿಗೇ ಕೊಡಿ ಮಿಸ್" ಅಂದಳು. ಅವನಪ್ಪ ಕಂಡಕ್ಟರು. ಉಳಿದ ಆರು ಜನ ಒಪ್ಪಿಬಿಟ್ಟರು. ನಾಲ್ಕು ವರ್ಷದವರ ನ್ಯಾಯ ಹೀಗೂ ಇರುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಅವರ ನಿಜವಾದ ಹೆಸರು ಇಲ್ಲಿ ಬರೆಯುವುದಿಲ್ಲ. ಬೇಕಾಗಿಯೂ ಇಲ್ಲ. ವರ್ಷ ಪೂರ್ತಿ ಅವರು ಒಬ್ಬರನ್ನೊಬ್ಬರು ಕರೆದದ್ದು ಕೊಕ್ಕೆಯ ಹೆಸರಿನಿಂದಲೇ. ಬಸ್ಸು, ಮೀನು, ಹಲಸು, ಆಮೆ, ಚಂದ್ರ, ಏಣಿ. "ಮಿಸ್, ಆಮೆ ಇವತ್ತು ಬಂದಿಲ್ಲ, ಅವಳ ಕೊಕ್ಕೆ ಖಾಲಿ ಇದೆ." ಹಾಜರಿ ನಾನು ತೆಗೆಯುವ ಮೊದಲೇ ಅವರೇ ತೆಗೆದಿರುತ್ತಿದ್ದರು. ಮೀನಿನ ಚಿತ್ರ ಸಿಕ್ಕಿದ್ದು ಶುದ್ಧ ಸಸ್ಯಾಹಾರಿ ತೋಟದ ಮನೆಯ ಹುಡುಗಿಗೆ. ಅವಳಮ್ಮ ಬಂದು ಸ್ವಲ್ಪ ಮುಖ ಹುಳಿ ಮಾಡಿ, "ಬೇರೆ ಚಿತ್ರ ಇಲ್ವಾ ಮಿಸ್?" ಅಂದರು. ಇತ್ತು. ಆದರೆ ಹುಡುಗಿ ಬಿಡಲಿಲ್ಲ.

ಇನ್ನು ನಮ್ಮ ಬೀರುವಿನ ಕತೆ. ಆಫೀಸ್ ರೂಮಿನಲ್ಲಿ ಒಂದು ಗಾಜಿನ ಬೀರು ಇದೆ. ಅದರಲ್ಲಿ ಮರದ ಬ್ಲಾಕು, ಪೋಣಿಸುವ ದೊಡ್ಡ ಮಣಿ, ಚನ್ನಪಟ್ಟಣದ ಬೊಂಬೆ, ಬಣ್ಣದ ಉಂಗುರ ಎಲ್ಲ ಇದ್ದವು, ಪ್ಲಾಸ್ಟಿಕ್ ಕವರ್ ಸಮೇತ. ಅಡ್ಮಿಷನ್‌ಗೆ ಬಂದ ಅಪ್ಪ ಅಮ್ಮಂದಿರು ಕೂರುವ ಕುರ್ಚಿಯ ಎದುರಿಗೇ. ಬೀಗ ಹಾಕಿತ್ತು. ಕೊಡಿ ಅಂದರೆ, ಕಳೆದುಹೋಗುತ್ತವೆ ಮೇಡಂ, ಇನ್‌ಸ್ಪೆಕ್ಷನ್‌ಗೆ ಬೇಕಾಗುತ್ತೆ ಅನ್ನುತ್ತಿದ್ದರು. ಕಿಂಡರ್‌ಗಾರ್ಟನ್ ಅನ್ನುವ ಹೆಸರಿಟ್ಟ ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಜರ್ಮನಿಯ ಬ್ಲಾಂಕೆನ್‌ಬುರ್ಗ್ ಅನ್ನುವ ಊರಲ್ಲಿ ಶುರು ಮಾಡಿದ್ದೇ ಇಂಥ ಸಾಮಾನಿನಿಂದ. ಉಣ್ಣೆಯ ಚೆಂಡು, ಮರದ ಗುಂಡು, ಉರುಳೆ, ಚೌಕದ ತುಂಡು. ಅವನ್ನು ಆತ 'ಉಡುಗೊರೆ' ಅಂತಲೇ ಕರೆದ. ಆಮೇಲೆ 1851ರಲ್ಲಿ ಪ್ರಷ್ಯಾ ಸರ್ಕಾರ ಕಿಂಡರ್‌ಗಾರ್ಟನ್‌ಗಳನ್ನೇ ನಿಷೇಧಿಸಿತು, ತೆರವು ಮಾಡಿದ್ದು 1860ರಲ್ಲಿ. ನಮ್ಮಲ್ಲಿ ನಿಷೇಧ ಇಲ್ಲ. ಬೀಗ ಅಷ್ಟೆ.

ಬೀರು ಸಿಗದಿದ್ದರೇನು, 'ಆಕ್ಟಿವಿಟಿ' ಮಾಡಲೇಬೇಕಿತ್ತು. ಪ್ರತಿ ಶುಕ್ರವಾರ ಪೋಷಕರ ವಾಟ್ಸ್ಆ್ಯಪ್ ಗ್ರೂಪಿಗೆ ಫೋಟೋ ಹೋಗಬೇಕು. ಇದರ ಒಳಗುಟ್ಟು ಎಲ್ಲ ಮಿಸ್‌ಗಳಿಗೂ ಗೊತ್ತು. ರೆಡ್ ಡೇ, ಯೆಲ್ಲೋ ಡೇ, ಫ್ರೂಟ್ ಡೇ. ಹಿಂದಿನ ರಾತ್ರಿ ಮನೆಯಲ್ಲಿ ಕೂತು ಮುಕ್ಕಾಲು ಭಾಗ ನಾವೇ ಕತ್ತರಿಸಿ ಅಂಟಿಸಿರುತ್ತೇವೆ, ಮಗು ಬಂದು ಮೇಲೆ ಒಂದು ಚುಕ್ಕೆ ಇಡುತ್ತದೆ, ಕ್ಲಿಕ್. ನಾನು ಹಾಗೆ ಮಾಡಬಾರದು ಅಂತ ಹಠ ತೊಟ್ಟೆ. ಆರಿದ್ರೆ ಮಳೆ ಹಿಡಿದ ವಾರ, ಎಲ್ಲ ಮಕ್ಕಳಿಗೂ ಒಂದೊಂದು ರಟ್ಟು, ಒಂದೊಂದು ಮುಚ್ಚಳ ಫೆವಿಕಾಲ್, ಒಂದೊಂದು ಹಿಡಿ ಕಾಳು ಕೊಟ್ಟು, ಅಂಟಿಸಿ ಮಕ್ಕಳೇ ಅಂದೆ.

ಹದಿನೈದು ನಿಮಿಷ. ಅಷ್ಟರಲ್ಲಿ ಒಬ್ಬಳ ಎರಡು ಜಡೆ ಸೇರಿ ಒಂದಾಗಿತ್ತು. ಆಮೆ ತನ್ನ ಅಂಗೈಗೆ ಪೂರ್ತಿ ಗೋಂದು ಬಳಿದುಕೊಂಡು ಒಣಗಿಸಿ, ಸಿಪ್ಪೆಯ ಹಾಗೆ ಸುಲಿಯುತ್ತ ಕೂತಿದ್ದಳು. ಆ ದಿನ ಏನಾದರೂ ಕಲಿತವರು ಇದ್ದರೆ ಅವಳೊಬ್ಬಳೇ ಇರಬೇಕು. ಕಾಳು ನೆಲದ ತುಂಬ. ಜಾರಿ ಬಿದ್ದವರು ಇಬ್ಬರು. ಆಯಮ್ಮ ಬಾಗಿಲಲ್ಲಿ ನಿಂತು ಸೊಂಟದ ಮೇಲೆ ಕೈ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. ಬೈದಿದ್ದರೆ ವಾಸಿಯಿತ್ತು.

ರಾತ್ರಿ ಅತ್ತೆ ನಗು ತಡೆಯಲಾರದೆ, "ಇಪ್ಪತ್ತಾರು ಜನಕ್ಕೂ ಒಂದೇ ಸಲ ಗೋಂದು ಕೊಟ್ಟ್ಯಾ ಮಾರಾಯ್ತಿ?" ಅಂದರು. ಆಮೇಲೆ ತಮ್ಮ ತಟ್ಟೆಗಳ ಲೆಕ್ಕ ಹೇಳಿಕೊಟ್ಟರು. ನಲಿಕಲಿಯಲ್ಲಿ ಗುಂಪಿಗೆ ತಟ್ಟೆ ಅನ್ನುತ್ತಾರೆ. ಒಂದು ತಟ್ಟೆಯವರಿಗೆ ಟೀಚರ್ ಪೂರ್ತಿ ಬೇಕು, ಇನ್ನೊಂದಕ್ಕೆ ಆಗಾಗ ಬೇಕು, ಒಂದು ತಟ್ಟೆಯವರು ಒಬ್ಬರಿಂದೊಬ್ಬರು ಕಲಿಯುತ್ತಾರೆ, ಒಂದರವರು ತಾವೇ ಮಾಡಿಕೊಳ್ಳುತ್ತಾರೆ. "ಗೋಂದಿನ ತಟ್ಟೆ ಹತ್ತಿರ ನೀನು ಕೂತ್ಕೋ. ಐದೇ ಜನ. ಉಳಿದವ್ರಿಗೆ ನೀನು ಬೇಡದ ಕೆಲಸ ಕೊಡು." ನಾನು ಬೇಡದ ಕೆಲಸ ಅಂದರೆ ಯಾವುದು ಅಂತ ಹುಡುಕುವುದರಲ್ಲೇ ಜುಲೈ ಕಳೆಯಿತು.

ನೀರು ಆ ಕೆಲಸಗಳಲ್ಲಿ ಒಂದು. ಒಂದು ಬಕೆಟ್, ನಾಲ್ಕು ತೆಂಗಿನ ಕರಟ, ಎರಡು ಚೊಂಬು, ಒಂದು ಆಲಿಕೆ. ಹೊಯ್ಯುವುದು, ತುಂಬುವುದು, ಚೆಲ್ಲುವುದು. ಚೆಲ್ಲಿದವರು ಒರೆಸಬೇಕು ಅಂತ ನಿಯಮ ಮಾಡಿ, ನಮ್ಮ ಮಾವನ ಹಳೇ ಪಂಚೆ ಹರಿದು ಎಂಟು ತುಂಡು ಮಾಡಿ ಇಟ್ಟೆ. ತಮಾಷೆ ಅಂದರೆ, ಸ್ವಲ್ಪ ದಿನದಲ್ಲೇ ನೀರಿಗಿಂತ ಒರೆಸುವುದೇ ಆಟ ಆಯಿತು. ಒರೆಸಲಿಕ್ಕೆ ಅಂತಲೇ ಚೆಲ್ಲತೊಡಗಿದರು. ಬಟ್ಟೆ ಹಿಂಡುವುದು ಸುಲಭವಲ್ಲ, ನೋಡಿ. ಒಬ್ಬರ ಕೈಯಲ್ಲಿ ಆಗುವುದಿಲ್ಲ, ನಾಲ್ಕು ವರ್ಷದ ಮಣಿಕಟ್ಟಿಗೆ ಅಷ್ಟು ಬಲ ಇಲ್ಲ. ಅವರೇ ಕಂಡುಕೊಂಡ ಉಪಾಯ: ಒಬ್ಬ ಒಂದು ತುದಿ ಹಿಡಿಯುವುದು, ಇನ್ನೊಬ್ಬ ಇನ್ನೊಂದು ತುದಿ ತಿರುಚುವುದು. ಯಾರೂ ಹೇಳಿಕೊಟ್ಟಿದ್ದಲ್ಲ.

ಆಯಮ್ಮನಿಗೆ ಇದು ಹಿಡಿಸಲಿಲ್ಲ. "ಮಕ್ಕಳೇ ನೆಲ ಒರೆಸಿದ್ರೆ ನಾನ್ಯಾಕೆ ಮಿಸ್?" ಅಂದರು, ನಗುತ್ತ ಅಂದರೂ ಅದು ನಗುವ ಮಾತಾಗಿರಲಿಲ್ಲ. ಒಬ್ಬ ಅಪ್ಪ ಫೋನ್ ಮಾಡಿ, ಫೀಸು ಕಟ್ಟಿ ಕಳಿಸೋದು ನೆಲ ಒರೆಸೋಕಾ ಅಂದರು. ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಒಂದು ವಸತಿ ಶಾಲೆಯಲ್ಲಿ ಮಕ್ಕಳನ್ನು ಶೌಚಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ ಸುದ್ದಿ ರಾಜ್ಯವೆಲ್ಲ ಆಗಿತ್ತು. ಯಾರ ಮಕ್ಕಳ ಕೈಗೆ ಪೊರಕೆ ಕೊಡುತ್ತಾರೆ ಅನ್ನುವುದು ನಮ್ಮಲ್ಲಿ ಯಾವತ್ತೂ ಸುಮ್ನೆ ಮಾತಲ್ಲ. ಹಾಗಾಗಿ ಆ ಅಪ್ಪನಿಗೆ ಎರಡು ವಿಷಯ ಹೇಳಿದೆ. ಮಗು ಒರೆಸುವುದು ತಾನು ಚೆಲ್ಲಿದ ನೀರನ್ನು ಮಾತ್ರ. ಮತ್ತೆ, ಬ್ಯಾಂಕಿನವರ ಮಗನಿಂದ ಹಿಡಿದು ಎಲ್ಲರೂ ಒರೆಸುತ್ತಾರೆ, ನಾನೂ ಒರೆಸುತ್ತೇನೆ, ಬಂದು ನೋಡಿ. ಅವರು ಬಂದು ನೋಡಲಿಲ್ಲ, ಆದರೆ ಮತ್ತೆ ಫೋನೂ ಮಾಡಲಿಲ್ಲ. ಆಯಮ್ಮನನ್ನು ಒಪ್ಪಿಸಿದ್ದು ಬೇರೆ ರೀತಿ: ಬಟ್ಟೆ ಹಿಂಡುವುದು, ಒಂದು ಮೂಲೆಯಿಂದ ಹಿಂದೆ ಸರಿಯುತ್ತ ಒರೆಸುವುದು ಇದನ್ನೆಲ್ಲ ನೀವೇ ಹೇಳಿಕೊಡಿ, ನನಗೆ ಸರಿಯಾಗಿ ಬರುವುದಿಲ್ಲ ಅಂದೆ. ಅದು ಸುಳ್ಳೂ ಅಲ್ಲ. ಅವತ್ತಿಂದ ಅರ್ಧ ಗಂಟೆ ಅವರೂ ಮಿಸ್ಸೇ.

ಜುಲೈ ಕೊನೆಗೆ ಮೂಗಿನ ಪ್ರಕರಣ.

ಐದು ಮಕ್ಕಳ ತಟ್ಟೆ, ನಾನು ಎದುರಿಗೇ ಕೂತಿದ್ದೇನೆ, ಮೊರದಲ್ಲಿ ಅವರೆ, ಅಲಸಂದೆ, ಹುಣಸೆ ಬೀಜ ಬೇರೆ ಮಾಡುವ ಆಟ. (ಗುಲಗಂಜಿಯನ್ನು ಮೊದಲೇ ತೆಗೆದಿಟ್ಟಿದ್ದೆ. ಒಬ್ಬರಮ್ಮ ಚೆಂದ ಕಾಣುತ್ತೆ ಅಂತ ಒಂದು ಡಬ್ಬಿ ತುಂಬ ಕಳಿಸಿದ್ದರು. ಅಗಿದು ನುಂಗಿದರೆ ವಿಷ ಅದು, ಸಣ್ಣ ಮಕ್ಕಳಿರುವಲ್ಲಿ ಇಡಲೇಬಾರದು.) ಚಂದ್ರ ನನ್ನ ಸೆರಗು ಎಳೆದು ಬಹಳ ಸಮಾಧಾನದಿಂದ, "ಮಿಸ್, ಕಾಳು ಒಳಗೆ ಹೋಯ್ತು" ಅಂದ. ಎಲ್ಲಿಗೋ? ಮೂಗು ತೋರಿಸಿದ. ಬಲಗಡೆಯ ಹೊಳ್ಳೆಯಲ್ಲಿ ಅಲಸಂದೆ ಕಾಳಿನ ಬೆನ್ನು ಕಾಣುತ್ತಿತ್ತು.

ಆಯಮ್ಮ ತಲೆಯಿಂದ ಪಿನ್ ತೆಗೆದರು. ನಾನು ಅವರ ಕೈ ಹಿಡಿದುಕೊಂಡೆ. ಅಷ್ಟು ಬುದ್ಧಿ ಆಗ ಹೇಗೆ ಓಡಿತೋ. ಚುಚ್ಚಿದರೆ ಇನ್ನೂ ಒಳಗೆ ಹೋಗುತ್ತದೆ. ಅವನ ಅಮ್ಮನಿಗೆ ಫೋನ್ ಮಾಡಿ, ಆಟೋ ಹಿಡಿದು ಡಾಕ್ಟರ ಹತ್ತಿರ ಹೋದೆವು. ನಾನು ಇಕ್ಕಳ, ಲೈಟು ಇರುವ ಕನ್ನಡಕ ಎಲ್ಲ ಬರುತ್ತದೆ ಅಂದುಕೊಂಡಿದ್ದೆ. ಡಾಕ್ಟರು ಮಗುವನ್ನು ಅಮ್ಮನ ತೊಡೆಯ ಮೇಲೆ ಮಲಗಿಸಿ, ಕಾಳು ಇಲ್ಲದ ಕಡೆಯ ಹೊಳ್ಳೆಯನ್ನು ಬೆರಳಲ್ಲಿ ಒತ್ತಿ ಮುಚ್ಚಿ, ಬಾಯಿಗೆ ಬಾಯಿ ಇಟ್ಟು ಒಂದೇ ಸಲ ಜೋರಾಗಿ ಊದಿ ಅಂದರು. ಮುತ್ತು ಕೊಡ್ತೀನಿ ಅಂತ ಹೇಳಿ ಊದಿ, ಹೆದರಲ್ಲ. ಊದಿದರು. ಎರಡನೇ ಸಲಕ್ಕೆ ಸಿಂಬಳದ ಸಮೇತ ಕಾಳು ಹೊರಗೆ ಹಾರಿ ಅಮ್ಮನ ಕೆನ್ನೆಗೆ ಅಂಟಿತು. ಚಂದ್ರ ಗಹಗಹಿಸಿ, "ಇನ್ನೊಂದ್ ಸಲ!" ಅಂದ. ನಾನು ಅಲ್ಲೇ ಸ್ಟೂಲ್ ಮೇಲೆ ಕೂತು ಅತ್ತುಬಿಟ್ಟೆ.

ಕಾಳು ಒದ್ದೆಗೆ ಉಬ್ಬುತ್ತದೆ, ನಾಳೆ ನೋಡೋಣ ಅಂತ ಬಿಡಬಾರದು. ಬಟನ್ ಬ್ಯಾಟರಿ ಆಗಿದ್ದರಂತೂ ಒಂದು ಗಳಿಗೆಯೂ ಕಾಯಬಾರದು, ಒಳಗೇ ಸುಡುತ್ತದೆ ಅಂತ ಡಾಕ್ಟರು ಹೇಳಿ ಕಳಿಸಿದರು. ಸಂಜೆ ಅವನಪ್ಪ ಬಂದು ಆಫೀಸಲ್ಲಿ ಕೂಗಾಡಿದರು. ಕೂಗಾಡಲಿ, ಅವರ ಮಗ. ಮರುದಿನ ನನಗೆ ಕಾಗದದಲ್ಲೇ ಬಂತು: ಇನ್ನು ಕಾಳು, ಮಣಿ, ಗುಂಡಿ ಯಾವುದನ್ನೂ ಕ್ಲಾಸಿಗೆ ತರಕೂಡದು. ಸಹಿ ಹಾಕಿದೆ. ಸಹಿ ಹಾಕಿ, "ಮಿಸ್, ಕಾಳು ಬೇಡ ಅಂದ್ಮೇಲೆ ಮೂಗಿಗೆ ಹೋಗದ್ದು ಏನಾದ್ರೂ ಬೇಕಲ್ವಾ?" ಅಂದೆ. ಹೆಡ್ ಮಿಸ್ ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಡ್ರಾಯರ್ ಎಳೆದು ಬೀರುವಿನ ಬೀಗದ ಕೈ ಮೇಜಿನ ಮೇಲೆ ಇಟ್ಟರು. 2020ರ ಶಿಕ್ಷಣ ನೀತಿ, 2022ರಲ್ಲಿ ಬಂದ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟು, ಅದರಲ್ಲಿ ಮೂರರಿಂದ ಎಂಟು ವರ್ಷದವರಿಗೆ ಆಟದಿಂದಲೇ ಕಲಿಕೆ ಅಂತ ಇರುವುದು, ಎಲ್ಲ ಹೇಳಿದ್ದೆ ಮೊದಲು. ಅದಕ್ಕೆ ತೆರೆಯದ ಬೀರು ಒಂದು ಅಲಸಂದೆ ಕಾಳಿಗೆ ತೆರೆಯಿತು.

ಬ್ಲಾಕು ಒಂದು ವಾರ ಭರ್ಜರಿ. ಆಮೇಲೆ ಜಗಳ. ಕೆಂಪು ಕಮಾನು ಒಂದೇ ಇತ್ತು, ಅದು ಎಲ್ಲರಿಗೂ ಬೇಕು. ಪ್ರತಿಯೊಬ್ಬರೂ ತಮ್ಮ ತುಂಡುಗಳನ್ನು ತೋಳಿನಿಂದ ಅಡ್ಡ ಕಟ್ಟಿಕೊಂಡು, ಬೆನ್ನು ತಿರುಗಿಸಿ ಕೂತು ಕಟ್ಟುವುದು. ಕೈಕೆಲಸ ಕೊಟ್ಟರೆ ಮಕ್ಕಳು ತಾವೇ ಕೂಡಿಕೊಳ್ಳುತ್ತಾರೆ ಅಂತ ನಂಬಿದ್ದೆ. ಅದು ಸುಳ್ಳು. ಒಳ್ಳೆಯ ಸಾಮಾನು ಕೊಟ್ಟರೆ ಒಬ್ಬೊಬ್ಬರೇ ಚೆನ್ನಾಗಿ ಆಡುತ್ತಾರೆ, ಅಷ್ಟೇ.

ಕೂಡಿಸಿದ್ದು ಅಡಿಕೆ ಹಾಳೆ. ಆಗಸ್ಟಿನಲ್ಲಿ ಮಳೆ ಹೊಳವಾದ ಒಂದು ಬೆಳಿಗ್ಗೆ, ಏಣಿಯ ಅಜ್ಜ ತೋಟದಿಂದ ನಾಲ್ಕು ಹಾಳೆ ತಂದು ಗೇಟಿನ ಹತ್ತಿರ ಹಾಕಿ ಹೋದರು. ಹಾಳೆಯ ಮೇಲೆ ಒಬ್ಬ ಕೂರಬೇಕು, ಸೋಗೆಯ ತುದಿ ಹಿಡಿದು ಇನ್ನೊಬ್ಬ ಎಳೆಯಬೇಕು. ನಾವೆಲ್ಲ ಆಡಿದ ಆಟವೇ. ಇದರ ಗುಣ ಏನೆಂದರೆ, ಒಬ್ಬರೇ ಆಡಲು ಆಗುವುದಿಲ್ಲ! ಎಳೆಯುವವರು ಇಲ್ಲದಿದ್ದರೆ ನೀವು ಸುಮ್ಮನೆ ಹಾಳೆಯ ಮೇಲೆ ಕೂತಿರುತ್ತೀರಿ. ಬಸ್ಸು ಹಾಗೇ ಕೂತ. ಅವನು ಕೂರುತ್ತಾನೆ, ಎಳೆಯಲು ಮಾತ್ರ ಬರುವುದಿಲ್ಲ. ಮೊದಲ ದಿನ ಮೂವರು ಎಳೆದರು. ಎರಡನೇ ದಿನ ಒಬ್ಬಳು. ಮೂರನೇ ದಿನ ಯಾರೂ ಇಲ್ಲ. ನಾನು ಹೋಗಿ ಎಳೆಯಲೇ ಅಂತ ಅನ್ನಿಸಿತು, ತಡೆದುಕೊಂಡೆ. ಅವನು "ಹೋಗ್ಲಿ ರೈಟ್, ಹೋಗ್ಲಿ ರೈಟ್" ಅಂತ ಅಪ್ಪನ ಹಾಗೆ ಕೂಗುತ್ತಲೇ ಇದ್ದ. ಕೊನೆಗೆ ಎದ್ದು, ಪಕ್ಕದಲ್ಲಿ ಹಾಳೆ ಎಳೆಯುತ್ತಿದ್ದ ಹಲಸಿನ ಮುಂಗೈ ಕಚ್ಚಿದ.

ಚರ್ಮ ಹರಿದಿರಲಿಲ್ಲ, ಆದರೆ ಮೇಲೆ ಕೆಳಗೆ ಹಲ್ಲಿನ ಎರಡೂ ಸಾಲು ಎಣಿಸಬಹುದಿತ್ತು. ಅವಳು ಅಳುತ್ತಿದ್ದಾಳೆ. ಸಾರಿ ಹೇಳು ಅಂದೆ. ಅವನು ಗೋಡೆ ನೋಡುತ್ತ ಸಾರಿ ಅಂದ, ಹಾಜರಿಗೆ ಎಸ್ ಮಿಸ್ ಅಂದ ಹಾಗೆ. ಅವಳ ಅಳು ಜಾಸ್ತಿಯಾಯಿತು. ನನಗೂ ತೋಚಲಿಲ್ಲ. ಸೋಪು ಹಚ್ಚಿ ಕೈ ತೊಳೆಸಿ, ಆ ಪಂಚೆ ತುಂಡೊಂದು ಹೊಸದು ಇತ್ತಲ್ಲ, ತಣ್ಣೀರಲ್ಲಿ ಅದ್ದಿ, ತಂದು ಬಸ್ಸಿನ ಕೈಗೇ ಕೊಟ್ಟೆ. "ಹಿಡ್ಕೋ. ಅವಳಿಗೆ ನೋವು ಹೋಗೋವರೆಗೆ ಹಿಡ್ಕೊಂಡು ಕೂತಿರು."

ಅವನು ಬಟ್ಟೆಯನ್ನು ಅವಳ ಕೈ ಮೇಲೆ ಇಟ್ಟ. ಮೊದಲು ಬರೀ ಇಟ್ಟಿದ್ದ. ಆಮೇಲೆ ಬಟ್ಟೆಯ ತುದಿ ಎತ್ತಿ ಗುರುತು ನೋಡಿದ. ಮತ್ತೆ ಮುಚ್ಚಿದ. ಮತ್ತೆ ಎತ್ತಿ ನೋಡಿದ. "ಇನ್ನೂ ಇದೆ" ಅಂದ. ಅವಳು ಅಳು ನಿಲ್ಲಿಸಿ ತಾನೂ ಬಗ್ಗಿ ನೋಡಿದಳು. "ಇದು ನಿನ್ನ ಹಲ್ಲಾ?" "ಹೂಂ." "ಇಲ್ಲಿ ಒಂದಿಲ್ಲ." ಅವನ ಮುಂದಿನ ಹಲ್ಲೊಂದು ಮೊದಲೇ ಬಿದ್ದು ಮುರಿದಿತ್ತು, ಗುರುತಿನಲ್ಲೂ ಅಲ್ಲಿ ಖಾಲಿ. ಇಬ್ಬರೂ ಅದನ್ನೇ ಬೆರಳಿಟ್ಟು ನೋಡುತ್ತ ಕೂತರು. ಬಟ್ಟೆ ಬೆಚ್ಚಗಾದಾಗ ಅವನೇ ಹೋಗಿ ಮತ್ತೆ ಅದ್ದಿಕೊಂಡು ಬಂದ.

ಅದಾದ ಮೇಲೆ ಏನಾಯಿತು ಅಂದರೆ, ಕ್ಲಾಸಿನಲ್ಲಿ ಯಾರು ಬಿದ್ದರೂ ಇಬ್ಬರು ಮೂವರು ಬಟ್ಟೆಗೆ ಓಡತೊಡಗಿದರು. ತಲೆ ತಾಗಿದರೆ ಬಟ್ಟೆ. ಅಮ್ಮನ ನೆನಪಾಗಿ ಅತ್ತರೂ ಬಟ್ಟೆ. ಒಂದು ದಿನ ನನಗೆ ತಲೆನೋವು ಅಂತ ಹಣೆ ಒತ್ತಿಕೊಂಡು ಕೂತಿದ್ದಾಗ ಹಿಂಡದ ಬಟ್ಟೆಯೊಂದು ನೀರು ಸುರಿಸುತ್ತ ಬಂದು ಹಣೆಯ ಮೇಲೆ ಬಿತ್ತು, ಸೀರೆಯೆಲ್ಲ ಒದ್ದೆ. ನೆಲ ಒರೆಸುವ ಬಟ್ಟೆ ಬೇರೆ, ನೋವಿನ ಬಟ್ಟೆ ಬೇರೆ ಅಂತ ಆಯಮ್ಮ ಎರಡು ಡಬ್ಬ ಮಾಡಿದರು. ನಾನು ಯೋಜನೆ ಹಾಕಿ ಮಾಡಿದ ಯಾವ ಆಕ್ಟಿವಿಟಿಯೂ ಅಷ್ಟು ಬೇರು ಬಿಡಲಿಲ್ಲ. ಅದು ಅವರಿಗೆ ನಿಜವಾಗಿ ಬೇಕಿದ್ದ ಕೆಲಸವಾಗಿತ್ತು, ಬಹುಶಃ ಅದೇ ಕಾರಣ. ಬಸ್ಸು ಮತ್ತೆ ಕಚ್ಚಲಿಲ್ಲವೇ? ಕಚ್ಚಿದ, ಇನ್ನೆರಡು ಸಲ. ಆದರೆ ಹಾಳೆ ಎಳೆಯಲು ಕಲಿತ.

ಊಟದ ಡಬ್ಬಿಯ ವಿಷಯ ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ಬರೆಯುತ್ತೇನೆ. ಹಲಸಿನ ಡಬ್ಬಿಯಲ್ಲಿ ವಾರಕ್ಕೆ ಮೂರು ದಿನ ಹುರಿದ ಮೀನು. ಮೀನು ಅನ್ನುವ ಹುಡುಗಿಗೆ ಆ ಡಬ್ಬಿಯ ಬಗ್ಗೆ ತಡೆಯಲಾರದ ಕುತೂಹಲ, ತನ್ನ ಚಿತ್ರ ಅಲ್ವಾ ಅದು. ಮನೆಗೆ ಹೋಗಿ ಹೇಳಿದಳು. ಮರುದಿನ ಅವಳಮ್ಮ ಬಂದು, ದನಿ ತಗ್ಗಿಸಿ, "ತಪ್ಪು ತಿಳ್ಕೋಬೇಡಿ ಮಿಸ್, ಊಟದ ಹೊತ್ತಿಗೆ ಮಾತ್ರ ಸ್ವಲ್ಪ ಬೇರೆ ಕೂರಿಸ್ತೀರಾ?" ಅಂದರು. ಆಗುವುದಿಲ್ಲ ಅಂದೆ. ಡಬ್ಬಿ ಬದಲಾಯಿಸಲು ಬಿಡುವುದಿಲ್ಲ, ಅದು ಎಲ್ಲರಿಗೂ ನಿಯಮ, ಆದರೆ ಪಂಕ್ತಿ ಬೇರೆ ಮಾಡುವುದಿಲ್ಲ. ಅವರು ಹೆಡ್ ಮಿಸ್ ಹತ್ತಿರ ಹೋದರು. ಹೆಡ್ ಮಿಸ್ ನನ್ನ ಪರ ನಿಂತರು ಅಂತ ಹೇಳಲಾರೆ, ನೋಡೋಣ ನೋಡೋಣ ಅಂತ ದಿನ ತಳ್ಳಿದರು. ಆ ತಳ್ಳುವಿಕೆಯೂ ಒಮ್ಮೊಮ್ಮೆ ಉಪಕಾರವೇ.

ಗಣಪತಿ ಹಬ್ಬ ಮುಗಿದ ವಾರ ಕೋಸಂಬರಿ ಮಾಡಿದೆವು. ಅತ್ತೆಯದೇ ಉಪಾಯ. "ಒಲೆ ಮುಟ್ಟದ ಅಡುಗೆ ಮಾಡು, ಯಾರ ಮನೆಯವ್ರೂ ಏನೂ ಅನ್ನಲ್ಲ" ಅಂದರು. ಎಂಥ ಕಿಲಾಡಿ ಹೆಂಗಸು ನೋಡಿ. ಬೇಯಿಸಿದ್ದಕ್ಕೆ ಇರುವ ಮಡಿಮೈಲಿಗೆ ಹಸಿ ಬೇಳೆಗೆ ಇಲ್ಲ, ಅದು ಅವರಿಗೆ ಚೆನ್ನಾಗಿ ಗೊತ್ತು. ಎಲ್ಲರ ಮನೆಯಿಂದಲೂ ಒಂದೊಂದು ಹಿಡಿ ಹೆಸರುಬೇಳೆ. ಮಗುವಿನ ಹಿಡಿ, ದೊಡ್ಡವರದ್ದಲ್ಲ. 26 ಸಣ್ಣ ಹಿಡಿ ಒಂದೇ ಪಾತ್ರೆಗೆ ಬಿದ್ದ ಮೇಲೆ ಯಾರದ್ದು ಯಾವುದು? ಆಮೆ ತನ್ನದನ್ನು ಗುರುತಿಸುತ್ತೇನೆ ಅಂತ ಸ್ವಲ್ಪ ಹೊತ್ತು ಹುಡುಕಿದಳು. ಎರಡು ಗಂಟೆ ನೆನೆಸಿದೆವು, ನೀರು ಬದಲಾಯಿಸಿದ್ದು ನಾಲ್ಕು ಸಲ, ಪ್ರತಿಯೊಂದು ತಟ್ಟೆಯವರೂ ತಾವೇ ತೊಳೆಯಬೇಕು ಅಂದಿದ್ದಕ್ಕೆ. ಕೊತ್ತಂಬರಿ ಚಿವುಟಿದರು, ನಿಂಬೆಹಣ್ಣು ಇಬ್ಬಿಬ್ಬರು ಸೇರಿ ಹಿಂಡಿದರು, ಅದೇ ಬಟ್ಟೆ ಹಿಂಡುವ ವಿದ್ಯೆ. ಸೌತೆಕಾಯಿ ಹೆಚ್ಚಿದ್ದು, ಕಾಯಿ ತುರಿದದ್ದು ನಾನು ಮತ್ತು ಆಯಮ್ಮ. ಉಪ್ಪು ಮೂರು ಜನ ಮೂರು ಸಲ ಹಾಕಿದರು. ಬಾಯಿಗಿಡುವ ಹಾಗಿರಲಿಲ್ಲ. ಎಲ್ಲರೂ ತಿಂದರು, ಬಡಿಸಿದ್ದು ಹಲಸು ಮತ್ತು ಮೀನು. ಮೀನಿನ ಅಮ್ಮ ಸಂಜೆ ಬಂದಾಗ ಒಂದು ಲೋಟದಲ್ಲಿ ಅವರಿಗೂ ಕೊಟ್ಟೆ. ನಿಂತಲ್ಲೇ ತಿಂದು, "ಉಪ್ಪು ಜಾಸ್ತಿಯಾಯ್ತು" ಅಂದರು. ಪಂಕ್ತಿಯ ಮಾತು ಎತ್ತಲಿಲ್ಲ. ಮನಸ್ಸು ಬದಲಾಗಿದೆ ಅಂತ ನಾನು ಹೇಳುತ್ತಿಲ್ಲ. ಡಿಸೆಂಬರಿನಲ್ಲಿ ಮತ್ತೊಮ್ಮೆ ಕೇಳಿದರು.

ನವೆಂಬರಿನ ಪೋಷಕರ ಸಭೆ ಬೇಗ ಹೇಳಿ ಮುಗಿಸುತ್ತೇನೆ. ಎಲ್ಲರದೂ ಒಂದೇ ಪ್ರಶ್ನೆ: ನೋಟ್‌ಬುಕ್ ಯಾಕೆ ಖಾಲಿ? ಪಕ್ಕದ ಶಾಲೆಯ ಎಲ್‌ಕೆಜಿಯವರು ಒಂದರಿಂದ ನೂರು ಬರೆಯುತ್ತಾರಂತೆ. ನಾನು ಮಣಿಕಟ್ಟಿನ ಎಂಟು ಮೂಳೆಗಳ ಕತೆ ಹೇಳಿದೆ. ನಾಲ್ಕು ವರ್ಷಕ್ಕೆ ಅವೆಲ್ಲ ಇನ್ನೂ ಗಟ್ಟಿ ಮೂಳೆ ಆಗಿರುವುದಿಲ್ಲ, ಎಕ್ಸ್‌ರೇ ತೆಗೆದರೆ ಎಂಟೂ ಕಾಣುವುದಿಲ್ಲ. ಯಾರಿಗೂ ಅಷ್ಟು ನಾಟಲಿಲ್ಲ. ಆಮೇಲೆ ಚಪ್ಪರ ತೋರಿಸಿದೆ. ನಲಿಕಲಿ ತರಗತಿಯಲ್ಲಿ ಮಕ್ಕಳ ತಲೆಯ ಮೇಲೆ ದಾರ ಕಟ್ಟಿ ಅವರು ಮಾಡಿದ್ದನ್ನೆಲ್ಲ ತೂಗುಹಾಕುತ್ತಾರಲ್ಲ, ಅದನ್ನೂ ಕಟ್ಟಿದ್ದೆ. ಆ ದಿನಕ್ಕೆ ಅಂತ ಒಂದು ಪಾತ್ರೆ ಅಕ್ಕಿ ಹಿಟ್ಟು ಕಲಸಿ ಇಟ್ಟಿದ್ದೆ. ಮಕ್ಕಳು ಹೊಸೆದರು, ಉದ್ದ ಬತ್ತಿ ಮಾಡಿದರು, ಬಾಗಿಸಿ ಕೋಡುಬಳೆ ಮಾಡಿದರು. ಅದರಲ್ಲಿ ಒಬ್ಬ ಬತ್ತಿಯನ್ನು ಬಾಗಿಸಿ, ಮೇಲೆ ಒಂದು ತಲೆಕಟ್ಟು ಇಟ್ಟು, "ಇದು ರ" ಅಂದ. ನಲಿಕಲಿ ಶುರುವಾಗುವುದೂ ರ, ಗ, ಸ, ದ, ಅ ಅಂತಲೇ, ಅ ಆ ಇ ಈ ಅಂತ ಅಲ್ಲ. ನಮ್ಮ ಅಕ್ಷರಗಳೇ ಕೋಡುಬಳೆಯ ಜಾತಿಯವು, ಹೊಸೆದು ಬಾಗಿಸಿದ ಕೈಗೆ ಬೇಗ ಬರುತ್ತವೆ. ಅಪ್ಪಂದಿರಿಗಿಂತ ಅಮ್ಮಂದಿರಿಗೆ ಇದು ಥಟ್ಟನೆ ಹೊಳೆಯಿತು. ಆದರೂ ನೋಟ್‌ಬುಕ್ ಕೇಳಿದವರು ಕೇಳುತ್ತಲೇ ಇದ್ದರು, ಜನವರಿಯಿಂದ ದಿನಕ್ಕೆ ಅರ್ಧ ಪುಟ ಬರೆಸಿದೆ. ಅಷ್ಟು ರಾಜಿ ಆಗದೆ ಖಾಸಗಿ ಶಾಲೆಯಲ್ಲಿ ಕೆಲಸ ಉಳಿಯುವುದಿಲ್ಲ. ಇಬ್ಬರು ಮಕ್ಕಳನ್ನು ಆಮೇಲೂ ಪಕ್ಕದ ಶಾಲೆಗೆ ಸೇರಿಸಿದರು. ಅವರ ಕೊಕ್ಕೆ ಮಾರ್ಚ್‌ವರೆಗೂ ಖಾಲಿ ಇತ್ತು, ಬೇರೆಯವರ ಬ್ಯಾಗು ಅಲ್ಲಿ ಹಾಕಲು ಹೋದರೆ ಮಕ್ಕಳು ಬಿಡುತ್ತಿರಲಿಲ್ಲ.

ಈ ಜೂನ್‌ನಲ್ಲಿ ಅವರೆಲ್ಲ ಯುಕೆಜಿಗೆ ಹೋದರು. ನನಗೆ ಮತ್ತೆ ಎಲ್‌ಕೆಜಿಯೇ, ಈ ಸಲ ನಾನೇ ಕೇಳಿ ಹಾಕಿಸಿಕೊಂಡೆ. ಚಿತ್ರಗಳನ್ನು ಹೊಸ ಮಕ್ಕಳಿಗೆ ಇಟ್ಟುಕೊಳ್ಳೋಣ ಅಂತ ಇದ್ದೆ, ಆದರೆ ಹಳಬರು ಕೊನೆಯ ದಿನ ಕಿತ್ತುಕೊಂಡು ಹೋಗಿದ್ದರು. ಯುಕೆಜಿಯ ಕೊಕ್ಕೆಗಳಿಗೆ ನಂಬರ್ ಇದೆ, ಅಲ್ಲಿಯ ಮಿಸ್ ಸ್ವಲ್ಪ ಶಿಸ್ತಿನವರು. ಮೊನ್ನೆ ಇಂಟರ್‌ವಲ್ ಹೊತ್ತಿಗೆ ಬಸ್ಸು ಬಾಗಿಲ ಹತ್ತಿರ ಬಂದು ನಿಂತ. "ನಂದು 14 ಅಂತೆ ಮಿಸ್" ಅಂದ. ಹೌದೇನೋ ಅಂದೆ. ಹೂಂ ಅಂತ ಹೊರಟವನು ತಿರುಗಿ, ಅದರ ಮೇಲೆ ಬಸ್ಸು ಅಂಟಿಸಿದ್ದೇನೆ ಅಂತ ಹೇಳಿ ಓಡಿದ. ಮಧ್ಯಾಹ್ನ ಹೋಗಿ ನೋಡಿದೆ. ಅನ್ನದ ಅಗುಳು ಹಚ್ಚಿ ಅಂಟಿಸಿದ್ದಾನೆ, ತಲೆಕೆಳಗಾಗಿ.